ಬೀರುವಿನೊಳಗಿನ ಸೂಪರ್ ಹಿಟ್

“ಇದೇ ಕೊನೆ! ಈ ಒಂದು ಕವರ್ ಸಾಂಗ್ ಮುಗಿಸಿದ ಮೇಲೆ ಇನ್ನೊಬ್ಬರ ಹಾಡಿಗೆ ಬಾಯಿ ತೆರೆದರೆ ಕೇಳು! ಆಮೇಲೆ ಏನಿದ್ದರೂ ನನ್ನ ಹಾಡು, ನನ್ನ ರಾಗ, ನನ್ನ ಹೆಸರು!”

ಹೀಗೆಂದು ಹೆಂಡತಿಯ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದ ಗಾಯಕರು ಲೋಟದ ಬಿಸಿನೀರನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡರು.

ಆರ್ಕೆಸ್ಟ್ರಾದಲ್ಲಿ ಇಪ್ಪತ್ತೆರಡು ವರ್ಷ ಕಂಡವರ ಹಾಡು ಹಾಡಿ ಹಾಡಿ ಅವರಿಗೆ ‘ಸೇಮ್ ಟು ಸೇಮ್’ ಎಂದೇ ಹೆಸರು ಬಿದ್ದಿತ್ತು. ಮೂಲ ಗಾಯಕ ಎಲ್ಲಿ ಉಸಿರೆಳೆದಿದ್ದಾನೋ ಅಲ್ಲೇ ಇವರೂ ಉಸಿರೆಳೆಯುತ್ತಿದ್ದರು. “ಒರಿಜಿನಲ್ ಗಾಯಕನೇ ಬಂದು ಪಕ್ಕದಲ್ಲಿ ನಿಂತರೂ ಜನ ನನ್ನನ್ನೇ ಒರಿಜಿನಲ್ ಅಂತಾರೆ” ಎಂದು ಜಂಬ ಕೊಚ್ಚುವುದೂ ಇತ್ತು. ಆದರೆ ಒಳಗೊಳಗೇ ಒಂದು ಕೊರಗು. ಮದುವೆಯ ಹೊಸತರಲ್ಲಿ ಹೆಂಡತಿಗೆಂದು ಅವರು ಕಟ್ಟಿದ ಸ್ವಂತ ಹಾಡೊಂದಿತ್ತು. ಅದನ್ನು ಆಕೆಯನ್ನು ಬಿಟ್ಟು ನರಪಿಳ್ಳೆಯೂ ಕೇಳಿರಲಿಲ್ಲ. ಸಾಯುವುದರೊಳಗೆ ಅದೊಂದು ಹಾಡು ನಾಲ್ಕು ಜನರ ಕಿವಿಗೆ ಬೀಳಬೇಕೆಂಬುದು ಅವರ ಆಸೆ.

ಸಂಗೀತ ಕಂಪನಿಯ ಮ್ಯಾನೇಜರನಿಗೆ ಅದನ್ನೇ ಹೇಳಿದ್ದರು. ಆತ ಕಿವಿಯಲ್ಲಿದ್ದ ಇಯರ್‌ಫೋನನ್ನೂ ತೆಗೆಯದೆ ಹೇಳಿದ್ದ: “ಸ್ವಂತ ಹಾಡು ಯಾರಿಗ್ಬೇಕು ಸಾರ್? ಜನ ಕೇಳಿದ್ದನ್ನೇ ಕೇಳೋದು. ಒಂದು ಹಳೇ ಹಿಟ್ ಹಾಡಿ ಕಳಿಸಿ. ಅದು ಓಡಿದ್ರೆ ನಿಮ್ಮದನ್ನೂ ನೋಡೋಣ. ಭಾನುವಾರ ಸಂಜೆಯೊಳಗೆ ಬರ್ಬೇಕು.”

ಇವತ್ತೇ ಆ ಭಾನುವಾರ. ರೆಕಾರ್ಡಿಂಗ್ ಸ್ಟುಡಿಯೋ ಎಂದರೆ ಮಲಗುವ ಕೋಣೆಯ ಬಟ್ಟೆ ಬೀರು! ಕೋಟು, ಕಂಬಳಿಗಳ ನಡುವೆ ನಿಂತು ಹಾಡಿದರೆ ದನಿ ಗೋಡೆಗೆ ಬಡಿದು ಮೊಳಗುವುದಿಲ್ಲವೆಂದು ಯಾರೋ ಹೇಳಿದ್ದರು. ಗಾಯಕರು ಆರ್ಕೆಸ್ಟ್ರಾದಿಂದ ರೆಕಾರ್ಡರ್ ತಂದರು. ನಡುವೆ ರಿಂಗಾದೀತೆಂದು ಫೋನನ್ನು ಹೊರಗಿಟ್ಟರು. ಬೀರುವಿನೊಳಗೆ ಕಾಲಿಟ್ಟು ರಾಜಾಜ್ಞೆ ಹೊರಡಿಸಿದರು.

“ನೋಡು, ಏನೇ ಸದ್ದು ಕೇಳಿದ್ರೂ ಈ ಕಡೆ ತಲೆ ಹಾಕ್ಬೇಡ. ಒಂದು ಕಿರ್ ಅಂದ್ರೂ ಟೇಕ್ ಹಾಳು!”

“ನೀವು ಕಿರ್ ಅಂದ್ರೆ?” ಎಂದಳು ಹೆಂಡತಿ.

“ಅದು ಸಂಗೀತ!”

ಬಾಗಿಲು ಎಳೆದುಕೊಂಡರು. ಹೊರಗಿನ ಚಿಲಕ ಟಣ್ಣೆಂದು ತಾನಾಗಿ ಬಿತ್ತು. ಹಾಡಿನ ಗುಂಗಿನಲ್ಲಿದ್ದ ಗಾಯಕರಿಗೆ ಅದು ಕೇಳಿಸಲೇ ಇಲ್ಲ. ನಾಲ್ಕು ನಿಮಿಷ ತನ್ಮಯರಾಗಿ ಹಾಡಿದರು. ಎಂಥ ಹಾಡು! ಅವರ ಕಣ್ಣಲ್ಲೇ ನೀರು ಬಂತು. ಕಣ್ಣೊರೆಸಿಕೊಂಡು ಬಾಗಿಲು ತಳ್ಳಿದರೆ ಅದು ಜಪ್ಪಯ್ಯ ಎನ್ನಲಿಲ್ಲ.

ಮೊದಲು ಮೆಲ್ಲಗೆ ತಟ್ಟಿದರು. ಆಮೇಲೆ ಗುದ್ದಿದರು. “ಲೇ, ತೆಗಿಯೇ!” ಎಂದು ಮಂದ್ರದಲ್ಲಿ ಶುರುವಾದದ್ದು “ಅಯ್ಯಯ್ಯೋ, ತೆಗಿಯೇ, ಸತ್ತೆ!” ಎಂದು ತಾರಕಕ್ಕೇರಿತು. ಬಾಗಿಲ ಸಂದಿಯಿಂದ ಗಾಳಿ ಬರುತ್ತಿದ್ದರಿಂದ ಸಾಯುವ ಭಯವೇನೂ ಇರಲಿಲ್ಲ. ಆದರೂ ಕಂಬಳಿಯೊಂದು ಮೇಲಿನಿಂದ ತಲೆಯ ಮೇಲೆ ಬಿದ್ದಾಗ ಗಾಯಕರು ಹೊರಡಿಸಿದ ಸ್ವರ ಯಾವ ಶಾಸ್ತ್ರದಲ್ಲೂ ಇಲ್ಲ.

ಮುಕ್ಕಾಲು ಗಂಟೆಯ ಮೇಲೆ ಟವೆಲ್ ತೆಗೆಯಲು ಬಂದ ಹೆಂಡತಿ ಚಿಲಕ ಸರಿಸಿದಳು. ಬೆವರಿನಲ್ಲಿ ಮಿಂದ ಗಾಯಕರು ಅವಳ ಕಾಲ ಬುಡಕ್ಕೇ ಉರುಳಿದರು.

“ಕಿವುಡೀನಾ ನೀನು? ಅಷ್ಟು ಕೂಗಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತಲ್ಲ! ಮಾಮೂಲಿಗಿಂತ ಚೆನ್ನಾಗಿದೆ ಅನ್ನಿಸ್ತು. ಅದಕ್ಕೇ ಬರ್ಲಿಲ್ಲ.”

ಜಗಳಕ್ಕೂ ತ್ರಾಣವಿರಲಿಲ್ಲ. ಗಾಯಕರು ಮಗಳ ಕೈಗೆ ರೆಕಾರ್ಡರ್ ಕೊಟ್ಟು, “ಇದರಲ್ಲಿರೋ ಹಾಡನ್ನ ಕಳಿಸಿಬಿಡಮ್ಮ” ಎಂದು ಮಂಚದ ಮೇಲೆ ಬಿದ್ದರು. ಮಗಳು ನೋಡಿದಳು. ಅದರಲ್ಲಿದ್ದದ್ದು ಮುಕ್ಕಾಲು ಗಂಟೆಯ ಒಂದೇ ಫೈಲು. ಅಪ್ಪನ ಹಾಡನ್ನು ಪೂರ್ತಿ ಕೇಳುವ ಧೈರ್ಯ ಅವಳಿಗೆ ಎಂದೂ ಇರಲಿಲ್ಲವಾದ್ದರಿಂದ ಇಡಿಯಾಗಿ ಕಳಿಸಿಬಿಟ್ಟಳು.

ಹತ್ತು ದಿನ ಕಳೆಯಿತು. ಬೆಳಿಗ್ಗೆ ಮ್ಯಾನೇಜರನ ಫೋನು!

“ಸಾರ್, ಬೆಂಕಿ! ಎಲ್ಲ ಕಡೆ ನಿಮ್ಮದೇ ಹಾಡು!”

ಗಾಯಕರು ಹಾಸಿಗೆಯ ಮೇಲೇ ಎದ್ದು ನಿಂತರು. “ನಾಲ್ಕೇ ನಿಮಿಷ ಆದ್ರೂ ಜೀವ ತುಂಬಿ ಹಾಡಿದ್ದೆ ನೋಡಿ.”

“ಅಯ್ಯೋ, ಶುರುವಿನಲ್ಲಿ ಒಂದು ನಾಲ್ಕು ನಿಮಿಷ ಏನೋ ತೊಂದರೆ ಇತ್ತು ಸಾರ್. ಅದನ್ನ ಕತ್ತರಿಸಿ ಬಿಸಾಕಿದ್ವಿ. ಆಮೇಲಿಂದು ಸೂಪರ್! ಆ ದಬ್ ದಬ್ ಬೀಟು, ಆ ‘ತೆಗಿಯೇ’! ಅಡಿಯಲ್ಲಿ ಒಂದಿಷ್ಟು ಡ್ರಮ್ಸ್ ಹಾಕಿದ್ವಿ ಅಷ್ಟೇ.”

ಗಾಯಕರು ಕುಸಿದು ಕುಳಿತರು. ಕಿಟಕಿಯಾಚೆ ಶಾಲೆಯ ಮಕ್ಕಳು “ತೆಗಿಯೇ ತೆಗಿಯೇ, ಸತ್ತೆ!” ಎಂದು ಕುಣಿಯುತ್ತಾ ಹೋದರು. ಬಸ್ಸಿನಲ್ಲಿ ಅದೇ, ಕ್ಷೌರದಂಗಡಿಯಲ್ಲಿ ಅದೇ. ಊರ ತುಂಬ ಜನ ಬಾಗಿಲು ಗುದ್ದಿಕೊಂಡು ಅದರ ಕವರ್ ಮಾಡತೊಡಗಿದರು. ಮಾನ ಮೂರು ಕಾಸಿಗೆ ಹೋಯಿತು. ಆದರೂ ಆಸೆ ಬಿಡಬೇಕಲ್ಲ!

“ಹಾಗಾದ್ರೆ ನನ್ನ ಸ್ವಂತ ಹಾಡು?” ಎಂದು ಮ್ಯಾನೇಜರನಿಗೆ ಫೋನ್ ಮಾಡಿ ಕೇಳಿದರು.

“ಖಂಡಿತ ಸಾರ್! ಆದ್ರೆ ಮೊದಲು ಇದರದೇ ಇನ್ನೊಂದು ವರ್ಷನ್ ಬೇಕು. ನಮ್ಮ ಸ್ಟುಡಿಯೋದಲ್ಲೇ ಹಾಡಿ. ಅದು ಓಕೆ ಆದ ದಿನವೇ ನಿಮ್ಮ ಹಾಡೂ ರೆಕಾರ್ಡಿಂಗ್.”

ಇಷ್ಟೇ ತಾನೆ? ಲೋಕದ ಗಾಯಕರನ್ನೆಲ್ಲ ಸೇಮ್ ಟು ಸೇಮ್ ಇಳಿಸಿದವರಿಗೆ ತಮ್ಮನ್ನೇ ಇಳಿಸುವುದು ಯಾವ ಮಹಾ ಕೆಲಸ! ಸ್ವಂತ ಹಾಡಿನ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು, ಹೆಂಡತಿಯನ್ನೂ ಕರೆದುಕೊಂಡು ಸ್ಟುಡಿಯೋಗೆ ಹೊರಟರು.

ತಣ್ಣನೆಯ ಕೋಣೆ, ಮೆತ್ತನೆಯ ಗೋಡೆ. ಗಾಜಿನ ಆಚೆ ಹೆಂಡತಿ, ಅವಳ ಪಕ್ಕದಲ್ಲಿ ಇವರ ಮುಖ ಪರಿಚಯವೇ ಇಲ್ಲದ ರೆಕಾರ್ಡಿಂಗ್‌ನವನು. ಗಾಯಕರು “ತೆಗಿಯೇ” ಎಂದರು. “ಇನ್ನೊಂದ್ಸಲ” ಎಂದ ಆತ. ಮತ್ತೆ ಎಂದರು. ಗುದ್ದಿದರು, ಒರಲಿದರು, ನೆಲದ ಮೇಲೆ ಹೊರಳಿದರು. ಹದಿನೇಳು ಟೇಕ್! ಆತ ಬೇಸತ್ತು ಹೆಡ್‌ಫೋನ್ ಕಳಚಿ ಮೈಕಿನಲ್ಲಿ ಹೇಳಿದ.

“ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ. ನಿಮ್ಮ ಕೈಲಿ ಆಗಲ್ಲ. ಒರಿಜಿನಲ್ ಹಾಡಿದ್ದಾರಲ್ಲ, ಅವರ ಕಾಲು ಭಾಗಾನೂ ಬರ್ತಿಲ್ಲ.”

“ರೀ, ಒರಿಜಿನಲ್ ಹಾಡಿದ್ದು ನಾನೇ ಕಣ್ರೀ!” ಗಾಯಕರು ಗಾಜಿಗೆ ಮುಖವೊತ್ತಿ ಅರಚಿದರು.

ಆತ ಕನಿಕರದಿಂದ ಹೆಂಡತಿಯ ಕಡೆ ತಿರುಗಿದ.

“ನೋಡಿದ್ರಾ ಅಮ್ಮ? ಕವರ್ ಹಾಡೋಕೆ ಬರೋರೆಲ್ಲ ಹೀಗೇ ಹೇಳ್ತಾರೆ.”