ಅತ್ತೆಯವರು ಪಾಸು ಮಾಡಿದ ಮನೆ

ಬೇರೆಯವರು ಹೊಸ ಮನೆ ನೋಡಲು ಹೋದರೆ ನೋಡಿ, ಚಹಾ ಕುಡಿದು ಬರುತ್ತಾರೆ. ನಾವು ಹೋದರೆ ಏನಾದರೊಂದು ಆಗದೆ ಇರುವುದಿಲ್ಲ. ಕಾರಣ ನಾನಲ್ಲ, ನನ್ನ ಹೆಂಡತಿಯೂ ಅಲ್ಲ. ಅವಳ ತಾಯಿ.

ಅತ್ತೆಯವರು ಬನಹಟ್ಟಿಯವರು. ನಲವತ್ತು ವರ್ಷ ಕೈಮಗ್ಗದ ಮುಂದೆ ಕೂತು ಸೀರೆ ನೇಯ್ದವರು, ಈಗ ಜಮಖಂಡಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ನಾನು ಇಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನು. ಹದಿನಾಲ್ಕು ವರ್ಷದಲ್ಲಿ ಆರು ಬಾಡಿಗೆ ಮನೆ ಕಂಡಿದ್ದೇವೆ. ಆರನೆಯ ಮನೆಯ ಮಾಲೀಕರು ಮಗನ ಮದುವೆಯೆಂದು ಯುಗಾದಿಯೊಳಗೆ ಖಾಲಿ ಮಾಡಲು ಹೇಳಿದಾಗ ಹೆಂಡತಿ, ಇನ್ನು ಗಂಟು ಕಟ್ಟಿದರೆ ಸ್ವಂತ ಮನೆಗೇ ಎಂದುಬಿಟ್ಟಳು.

ಮುಧೋಳ ರಸ್ತೆಯ ಹೊಸ ಬಡಾವಣೆಯಲ್ಲಿ ಒಬ್ಬ ಬಿಲ್ಡರ್ ಆಗಷ್ಟೇ ಕಟ್ಟಿ ಮುಗಿಸಿದ ಮನೆಯೊಂದಿತ್ತು. ಪಡಸಾಲೆಯ ಛತ್ತಿನಲ್ಲಿ ಬಣ್ಣದ ದೀಪ ಹತ್ತಿ ಆರುವುದನ್ನು ನೋಡಿಯೇ ನಾನು ಒಪ್ಪಿಬಿಟ್ಟೆ. ಹೆಂಡತಿ ದೇವರ ಕೋಣೆ ನೋಡಿ ಒಪ್ಪಿದಳು. ಅವ್ವ ಒಮ್ಮೆ ನೋಡಿಬಿಡಲಿ ಎಂದೂ ಸೇರಿಸಿದಳು. ಅಲ್ಲಿಂದ ಶುರುವಾಯಿತು.

೧. ನೂಲು

ಅತ್ತೆಯವರು ದೀಪದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೊಂಟದ ಚೀಲದಿಂದ ಒಂದು ನೂಲಿನ ಉಂಡೆ ತೆಗೆದರು, ನನ್ನ ಸ್ಕೂಟರ್ ಕೀಲಿ ಕೇಳಿ ನೂಲಿನ ತುದಿಗೆ ಕಟ್ಟಿದರು. ಸ್ಟೂಲು ಹತ್ತಿ ಗೋಡೆಯ ಮೇಲ್ತುದಿಗೆ ನೂಲು ಒತ್ತಿ ಹಿಡಿ ಎಂದು ನನಗೆ ಹೇಳಿದರು. ಹಿಡಿದೆ. ಮೇಲೆ ನೂಲು ಗೋಡೆಗೆ ತಾಗಿತ್ತು. ಕೆಳಗೆ ಕೀಲಿಗೂ ಗೋಡೆಗೂ ನಡುವೆ ಅತ್ತೆಯವರ ಎರಡು ಬೆರಳು ಆರಾಮಾಗಿ ಹೋದವು.

ಬಿಲ್ಡರ್ ನಕ್ಕ. ಗೋಡೆ ಅಂದಮೇಲೆ ಅಷ್ಟು ಇಷ್ಟು ಇರುವುದೇ, ಕಣ್ಣಿಗೆ ಕಾಣುವುದಿಲ್ಲ ಎಂದ.

"ಹೌದ ತಮ್ಮಾ," ಎಂದರು ಅತ್ತೆಯವರು ನೂಲು ಸುತ್ತಿಕೊಳ್ಳುತ್ತ. "ನನ್ನ ಸೀರಿ ದಡಿ ಎರಡ ಎಳಿ ಸೊಟ್ಟ ಆದಾಗ ನಾನೂ ಸಾವಕಾರಗ ಹಂಗ ಹೇಳ್ತಿದ್ನಿ. ಅಂವ ಸೀರಿ ಹೊಳ್ಳಿ ಕೊಡ್ತಿದ್ದ."

ಬಿಲ್ಡರನ ನಗು ನಿಂತಿತು. ಮರುದಿನ ಗೋಡೆಯ ಸಿಮೆಂಟಿನ ಗಿಲಾವ್ ಕೆರೆಸಿ ಹೊಸದಾಗಿ ಮಾಡಿಸಿದ. ನನಗಾದರೋ ಆ ಎರಡು ಬೆರಳಿನ ಸಂದಿಯಲ್ಲಿ ನನ್ನ ಎಂ.ಎಸ್ಸಿ. ಪದವಿ ಬಿದ್ದುಹೋದಂತಾಯಿತು.

೨. ನೀರು

ಎರಡನೆಯ ಸಲ ಅತ್ತೆಯವರು ಬರುವಾಗ ಒಂದು ತಂಬಿಗೆ ತಂದಿದ್ದರು. ಬಚ್ಚಲಿಗೆ ಹೋಗಿ ನೀರು ತುಂಬಿ, ನೆಲಕ್ಕೆ ಸುರಿದು, ಹೊರಗೆ ಬಂದು ಕೂತರು. ನಾವೂ ಕೂತೆವು. ಬಿಲ್ಡರ್ ಬಚ್ಚಲಿನ ಟೈಲ್ಸ್ ಯಾವ ಊರಿನವು, ಎಷ್ಟು ದೂರದಿಂದ ಬಂದವು ಎಂದು ಹೇಳುತ್ತಿದ್ದ. ಅಷ್ಟರಲ್ಲಿ ನೀರು ಬಚ್ಚಲ ಹೊಸ್ತಿಲು ದಾಟಿತು, ನಡುಮನೆಯಲ್ಲಿ ಸ್ವಲ್ಪ ತಡೆದು ಯೋಚಿಸಿತು, ಆಮೇಲೆ ನೆಟ್ಟಗೆ ದೇವರ ಕೋಣೆಗೆ ನಡೆಯಿತು.

ನನ್ನ ಹೆಂಡತಿಯ ಮುಖ ಇಳಿಯಿತು. ಆ ಕೋಣೆಯಲ್ಲಿ ಯಾವ ದೇವರು ಎಲ್ಲಿ ಎಂದು ಮನಸ್ಸಿನಲ್ಲೇ ಕೂರಿಸಿ ಆಗಿತ್ತು ಅವಳಿಗೆ.

ಅತ್ತೆಯವರು ಬಿಲ್ಡರನ ಕಡೆ ತಿರುಗಿ ಮೆತ್ತಗೆ ಹೇಳಿದರು: "ದೇವರಿಗಿ ಛಲೋ ವ್ಯವಸ್ಥಾ ಮಾಡೀಪಾ. ನಾವು ಜಳಕಾ ಮಾಡಿದ ನೀರಾಗ ಅವರದೂ ಆಗಿಹೋಗ್ತೈತಿ."

ದೂರದ ಊರಿನ ಟೈಲ್ಸನ್ನೆಲ್ಲ ಕಿತ್ತು ಇಳಿಜಾರು ಸರಿಮಾಡಿಸಲು ಎಂಟು ದಿನ ಹಿಡಿಯಿತು. ಯುಗಾದಿ ಹತ್ತಿರ ಬರುತ್ತಿತ್ತು. ನನಗೆ ಸಿಟ್ಟೂ ಬಂತು, ಇಷ್ಟು ಹುಡುಕಿದರೆ ಅರಮನೆಯಲ್ಲೂ ತಪ್ಪು ಸಿಗುತ್ತದೆ ಎಂದು ಹೆಂಡತಿಯ ಮುಂದೆ ಗೊಣಗಿದೆ. ಒಳಗಿನಿಂದ ಅತ್ತೆಯವರ ದನಿ ಬಂತು: "ಸಿಕ್ಕೇ ಸಿಗ್ತೈತಿ. ಅಲ್ಲೂ ನೋಡಿ ಬಂದೇನಿ."

೩. ನಾಯಿ

ಬಿಲ್ಡರ್ ಮೂಲತಃ ಮುಧೋಳದವ. ಆ ಕಡೆಯ ತೆಳ್ಳನೆಯ ಬೇಟೆ ನಾಯಿಯೊಂದು ಯಾವಾಗಲೂ ಅವನ ಜೀಪಿನಲ್ಲಿರುತ್ತಿತ್ತು. ಮೂರನೆಯ ಸಲ ನಾವು ಹೋದದ್ದು ಮಧ್ಯಾಹ್ನ, ಬಿಸಿಲು ಕಾದ ಹೊತ್ತಿಗೆ. ಅತ್ತೆಯವರು ಈ ಸಲ ಏನನ್ನೂ ತಂದಿರಲಿಲ್ಲ. ಬರಿದೆ ನಾಯಿಯನ್ನು ನೋಡುತ್ತ ಕೂತರು. ನಾಯಿ ದೊಡ್ಡ ಮಲಗುವ ಕೋಣೆಗೆ ಹೋಯಿತು, ಪಡುವಣ ಗೋಡೆಯ ಬುಡದಲ್ಲಿ ಅರ್ಧ ಮಲಗಿ, ಎದ್ದು ಹೊರಗೆ ಬಂತು. ಬಿಲ್ಡರ್ ಕರೆದು ಮತ್ತೆ ಒಳಗೆ ಕಳಿಸಿದ. ಮತ್ತೆ ಬಂತು.

"ನಾಯಿ ನಿನ್ನದ, ಮನಿ ನಿನ್ನದ," ಎಂದರು ಅತ್ತೆಯವರು. "ಅದ ಮಲಗವಲ್ದು, ನಾ ಹೆಂಗ ಮಲಗ್ಲಿ?"

ಪಡುವಣ ಕಿಟಕಿಗೆ ಬಿಸಿಲು ತಡೆಯಲು ಅಗಲವಾದ ಛಜ್ಜಾ ಬಂತು, ಹೊರಗೆ ಎರಡು ಬೇವಿನ ಸಸಿ ಬಂದವು.

೪. ರೊಟ್ಟಿ

ಕೊನೆಯ ಪರೀಕ್ಷೆ ಅಡುಗೆಮನೆಯದು. ಇಲ್ಲಿ ತನ್ನನ್ನು ಯಾರೂ ಹಿಡಿಯಲಾರರು ಎಂಬ ಧೈರ್ಯ ಬಿಲ್ಡರನಿಗೆ. ಕನ್ನಡಿಯಂಥ ಕರಿಗಲ್ಲಿನ ಕಟ್ಟೆ ಹಾಕಿಸಿದ್ದ. ಗಂಡನಿಂದ ಗೋಡೆ ಒಡೆಸುವ ಅಜ್ಜಿ ಹೇಗಿದ್ದಾರೆ ನೋಡಬೇಕೆಂದು ಅವನ ಹೆಂಡತಿಯೂ ಬಂದಿದ್ದಳು.

ಅತ್ತೆಯವರು ಒಲೆ ಹಚ್ಚಿಸಿ, ಜೋಳದ ಹಿಟ್ಟು ಕಲಸಿ, ಕಟ್ಟೆಯ ಮೇಲೆ ಬಡಿಯತೊಡಗಿದರು. ಮೊದಲ ರೊಟ್ಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಮೂಲೆಯಲ್ಲಿದ್ದ ಉಪ್ಪಿನ ಡಬ್ಬಿ ಒಂದು ಹೆಜ್ಜೆ ಸರಿಯಿತು. ಮೂರನೆಯದಕ್ಕೆ ಇನ್ನೆರಡು ಹೆಜ್ಜೆ. ಎಲ್ಲರೂ ಡಬ್ಬಿಯನ್ನೇ ನೋಡುತ್ತಿದ್ದೆವು. ಐದನೆಯ ರೊಟ್ಟಿಗೆ ಅದು ಅಂಚಿಗೆ ಬಂದು ಕೆಳಗೆ ಹಾರಿಕೊಂಡಿತು. ಅತ್ತೆಯವರು ಬಾಯಿ ತೆರೆಯುವ ಮೊದಲೇ ಬಿಲ್ಡರ್, "ನಾಳಿ ಕಲ್ಲಿನ ಬುಡಕ ಆಧಾರ ಕೊಡಸ್ತೀನ್ರಿ ಅವ್ವಾರ," ಎಂದ.

ಆಮೇಲೆ ಎಲ್ಲರೂ ನೆಲದ ಮೇಲೆ ಕೂತು ಮನೆಯಿಂದ ತಂದಿದ್ದ ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡೆವು. ಬಿಲ್ಡರನ ಹೆಂಡತಿ ಉಂಡು ಎದ್ದವಳು ಕೋಣೆ ಕೋಣೆ ತಿರುಗಿದಳು, ಗೋಡೆ ಮುಟ್ಟಿ ನೋಡಿದಳು. ಅತ್ತೆಯವರು ಅವಳನ್ನೇ ಗಮನಿಸುತ್ತಿದ್ದರು. ಮನೆ ಪಾಸು ಎಂದು ಅಂದು ಸಂಜೆ ಹೇಳಿದರು. ನನ್ನ ಹೆಂಡತಿ ಖುಷಿಗೆ ಅತ್ತಳು.

೫. ಬಾಜೂಕಿನವರು

ಮಾತು ಮುಗಿಸಲೆಂದು ಹೂವು, ಹಣ್ಣು, ಪೇಡೆ ಹಿಡಿದು ಆ ಮನೆಗೆ ಹೋದೆವು. ಗಂಡ ಹೆಂಡತಿ ಇಬ್ಬರೂ ಅಲ್ಲಿದ್ದರು, ಬಿಲ್ಡರ್ ತಲೆ ಎತ್ತಲಿಲ್ಲ. ಊರ ತುಂಬ ಮನೆ ಕಟ್ಟಿದ ಅವನು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾನೆಂದು ಆಗ ಗೊತ್ತಾಯಿತು. "ತಪ್ಪ ತಿಳಕೋಬ್ಯಾಡ್ರಿ ಸರ. ಇಷ್ಟ ಛಲೋ ಮನಿ ನಾ ಎಂದೂ ಕಟ್ಟಿಲ್ಲ. ನಮ್ಮಾಕಿ ಇದನ್ನ ಮಾರೂದ ಬ್ಯಾಡ ಅಂತ ಕುಂತಾಳ. ನಾವ ಇರ್ತೀವ್ರಿ."

ನಮ್ಮ ಅತ್ತೆ ಒಡೆಸಿ ತಿದ್ದಿಸಿದ ಮನೆ, ಅದರಲ್ಲಿ ಇರುವವರು ಅವರು. ಯುಗಾದಿಗೆ ಹನ್ನೆರಡೇ ದಿನ. ಹೆಂಡತಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

ಅತ್ತೆಯವರು ಮಾತ್ರ ಪೇಡೆಯ ಡಬ್ಬಿ ಬಿಚ್ಚಿ ಬಿಲ್ಡರನ ಹೆಂಡತಿಯ ಬಾಯಿಗೆ ಒಂದು ಇಟ್ಟರು. ಹಾಗಾದರೆ ನಿಮ್ಮ ಬಾಡಿಗೆ ಮನೆ ಖಾಲಿಯಾಯಿತಲ್ಲ, ಸದ್ಯಕ್ಕೆ ನಾವು ಅಲ್ಲಿರುತ್ತೇವೆ ಎಂದರು. ಆಮೇಲೆ ಬಿಲ್ಡರನಿಗೆ ಕಿಟಕಿಯಾಚೆ ತೋರಿಸಿದರು. ಅಡುಗೆಮನೆಯ ಗೋಡೆಗೆ ಹತ್ತಿದಂತೆಯೇ ಅವನದೇ ಇನ್ನೊಂದು ಜಾಗದಲ್ಲಿ ಪಾಯ ತೋಡಿಯಾಗಿತ್ತು. "ನಮ್ಮದು ಅದು," ಎಂದರು.

ದಾರಿಯಲ್ಲಿ ನಾನು ಸಂಕಟದಿಂದ, ಅಷ್ಟು ಕಷ್ಟಪಟ್ಟು ಒಳ್ಳೆಯ ಮನೆ ಮಾಡಿಸಿ ಅವನಿಗೇ ಬಿಟ್ಟುಕೊಟ್ಟಿರಲ್ಲ ಎಂದೆ.

"ಇರ್ಲಿ ಬಿಡು," ಎಂದರು ಅತ್ತೆಯವರು. "ತನ್ನ ಮನಿ ಗೋಡಿಗಿ ಹಚ್ಚಿ ಯಾಂವನೂ ಕೆಟ್ಟ ಮನಿ ಕಟ್ಟೂದಿಲ್ಲ. ಮತ್ತ ಕಟ್ಟಿದಾಂವ ಬಾಜೂಕ ಇದ್ರ, ಸೋರಿದ ದಿನಾನ ಹಿಡೀಬಹುದು."

ಮುಂದೆ ಆ ಪಾಯದ ಮುಂದೆ ಕುರ್ಚಿ ಹಾಕಿಕೊಂಡು ಕೂತ ಅತ್ತೆಯವರು ಗೃಹಪ್ರವೇಶದ ದಿನವೇ ಎದ್ದದ್ದು. ನಾನು ಜೀವನದಲ್ಲಿ ಬಹಳ ಓದಿದವರನ್ನು ನೋಡಿದ್ದೇನೆ, ಇಂಥ ಬುದ್ಧಿ ಇನ್ನೊಂದು ಕಂಡಿಲ್ಲ. ನಾವು ಈ ಮನೆಗೆ ಬಂದು ವರ್ಷ ದಾಟಿತು. ಈಗ ನಲ್ಲಿ ಸೋರಿದರೆ ಯಾರಿಗೂ ಫೋನ್ ಮಾಡುವುದಿಲ್ಲ. ಅತ್ತೆಯವರು ಅಡುಗೆಮನೆಯ ಖಾಲಿ ಕಟ್ಟೆಯ ಮೇಲೆ ರೊಟ್ಟಿ ಬಡಿದಂತೆ ನಾಲ್ಕು ಸಲ ಬಡಿಯುತ್ತಾರೆ. ಐದನೆಯದಕ್ಕೆ ಬಿಲ್ಡರ್ ನಲ್ಲಿ ಬಿಚ್ಚುವ ಪಾನಾ ಹಿಡಿದು ಬಾಗಿಲಲ್ಲಿರುತ್ತಾನೆ, ಹಿಂದೆ ನಾಯಿ.

ತೊಂದರೆ ಒಂದೇ. ನಿಜವಾಗಿ ರೊಟ್ಟಿ ಬಡಿದಾಗಲೂ ಬರುತ್ತಾನೆ. ಆಗ ಕೈಯಲ್ಲಿ ಪಾನಾ ಇರುವುದಿಲ್ಲ, ತಾಟು ಇರುತ್ತದೆ.