ಭಾನುವಾರದ ಅರ್ಧ ಗಂಟೆ ಮತ್ತು ಮೂಕ ಟೆಲಿಫೋನು

ಕನ್ನಡಿಗರು ವೇದಿಕೆ ಹತ್ತಿದಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಟೆಲಿವಿಷನ್ನಿನಲ್ಲಾದರೆ ಅದು ನೇರಪ್ರಸಾರವಾಗುತ್ತದೆ, ಅಷ್ಟೇ. ತೊಂಬತ್ತರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಪುಟ್ಟ ಕೇಬಲ್ ಚಾನೆಲ್ ನಮಗೆ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೊಟ್ಟಿತು. ಹಾಡು, ಕುಣಿತ, ನಗೆಹನಿ, ಎಲ್ಲ ಕನ್ನಡದಲ್ಲಿ. ಇದನ್ನು ಗಿಟ್ಟಿಸಲು ಪಂಜಾಬಿ ಮಾಲೀಕರ ಬೆನ್ನು ಬಿದ್ದವರು ಎಜ್‌ಬಾಸ್ಟನ್ನಿನ ಕಿವಿ-ಮೂಗು-ಗಂಟಲಿನ ಡಾಕ್ಟರು. ನಿರೂಪಣೆಯೂ ಅವರದೇ. ಹಾಡಲು ಬಾರದ ಏಕೈಕ ಕನ್ನಡಿಗನೆಂದು ವೀಕ್ಷಕರ ಕರೆಗಳಿಗೆಂದಿದ್ದ ಸ್ಟುಡಿಯೋದ ಟೆಲಿಫೋನನ್ನು ನನಗೆ ಒಪ್ಪಿಸಿದರು.

೧. ಗಂಟಲು

ಮೊದಲ ವಾರ ಹಾಡಬೇಕಿದ್ದವರು ಒಬ್ಬ ಲೇಡಿ ಜಿಪಿ, ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರು.

"ಅಯ್ಯೋ ಬೇಡಿ, ಗಂಟಲು ಸರಿಯಿಲ್ಲ," ಎಂದರು.

"ಹಾಗನ್ನಬೇಡಿ ಮೇಡಂ, ಒಂದೇ ಒಂದು," ಎಂದರು ನಮ್ಮ ಡಾಕ್ಟರು.

"ನನಗಿಂತ ಚೆನ್ನಾಗಿ ಹಾಡೋರಿದ್ದಾರೆ, ಅವರಿಂದ ಹಾಡಿಸಿ."

ತಿಂಗಳಿಂದ ಅಭ್ಯಾಸ ಮಾಡಿದ್ದರು. ಆದರೆ ಕರೆದ ಕೂಡಲೇ ಹಾಡಿಬಿಟ್ಟರೆ ನಮ್ಮಲ್ಲಿ ಜಂಬ ಎನ್ನುತ್ತಾರೆ. ಇಂಗ್ಲಿಷ್ ಕ್ಯಾಮೆರಾಮನ್ ಗಾಬರಿಯಿಂದ, ಅವರಿಗೆ ಮೈಗೆ ಹುಷಾರಿಲ್ಲವೇ ಎಂದು ಕೇಳಿದ. ಶಿಷ್ಟಾಚಾರ ಎಂದೆ. ಆಕೆ ಒಪ್ಪಿ, ಹಾಡಲೆಂದು ಕಣ್ಣು ಮುಚ್ಚುವ ಹೊತ್ತಿಗೆ ನಮ್ಮ ಅರ್ಧ ಗಂಟೆ ಮುಗಿದಿತ್ತು.

ಮುಂದಿನ ವಾರ ಅವರು "ಗಂಟಲು" ಎನ್ನುತ್ತಿದ್ದಂತೆ ಡಾಕ್ಟರು ಜೇಬಿನಿಂದ ಟಾರ್ಚ್ ತೆಗೆದು, "ಆ ಅನ್ನಿ," ಎಂದರು. ಅವರು "ಆ" ಎಂದರು.

"ಪರ್ಫೆಕ್ಟಾಗಿದೆ. ಅದೇ ಶ್ರುತೀಲಿ ಮುಂದುವರೀರಿ."

೨. ಬ್ಲೀಪ್

ಯಾವ ವಾರ ಯಾವ ವಾದ್ಯ ಎಂಬುದನ್ನು ಆಸ್ಪತ್ರೆಯ ರೋಟಾ, ಅಂದರೆ ಡ್ಯೂಟಿ ಪಟ್ಟಿ, ನಿರ್ಧರಿಸುತ್ತಿತ್ತು. ಒಮ್ಮೆ ಹಾಡಿನ ನಡುವೆ ತಬಲಾದವರ ಸೊಂಟದ ಬ್ಲೀಪ್, ಆಸ್ಪತ್ರೆಯಿಂದ ಕರೆ ಬಂದರೆ ಅರಚುವ ಪೇಜರು, ಕೂಗಿತು. ಹಾಡುವವರು, ಕೊಳಲಿನವರು, ಹಾರ್ಮೋನಿಯಂನವರು, ಎಲ್ಲರೂ ಡಾಕ್ಟರುಗಳೇ, ಒಟ್ಟಿಗೆ ಸೊಂಟ ಮುಟ್ಟಿಕೊಂಡರು. ಕುಣಿಯುತ್ತಿದ್ದ ಹುಡುಗಿಯರು ಅದೂ ಒಂದು ಹೆಜ್ಜೆಯೆಂದು ತಾವೂ ಮುಟ್ಟಿಕೊಂಡರು. ಆ ಸರಣಿಯಲ್ಲೇ ಜೋರಾದ ಚಪ್ಪಾಳೆ ಬಿದ್ದದ್ದು ಆಗ.

೩. ಮೌನ

ಇಷ್ಟಾದರೂ ನನ್ನ ಟೆಲಿಫೋನು ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಮಾಲೀಕರು ಬಂದು, ಮುಂದಿನ ವಾರವೂ ಫೋನು ಬರದಿದ್ದರೆ ಈ ಅರ್ಧ ಗಂಟೆ ಸೋಫಾ ಅಂಗಡಿಯ ಜಾಹೀರಾತಿಗೆ ಎಂದರು. ಡಾಕ್ಟರ ಮುಖ ಇಳಿಯಿತು.

"ಒಬ್ಬರೂ ಯಾಕ್ರೀ ಫೋನ್ ಮಾಡಲ್ಲ?"

ಸುತ್ತ ನೋಡಿದೆ. ಲೆಮಿಂಗ್ಟನ್ ಸ್ಪಾದಿಂದ ಸಾಲ್ಫರ್ಡ್‌ವರೆಗಿನ ಕನ್ನಡಿಗರೆಲ್ಲ ರೇಷ್ಮೆ ಸೀರೆ, ಜುಬ್ಬಾ ತೊಟ್ಟು ಸ್ಟುಡಿಯೋದಲ್ಲೇ ನಿಂತಿದ್ದರು.

"ಫೋನ್ ಮಾಡೋರೆಲ್ಲ ಇಲ್ಲೇ ಇದ್ದಾರಲ್ಲ ಡಾಕ್ಟ್ರೇ."

"ಹಾಗಾದ್ರೆ ಇಷ್ಟು ದಿನ ನೋಡ್ತಿದ್ದೋರು ಯಾರು?"

"ಕ್ಯಾಮೆರಾಮನ್."

೪. ವೀಕ್ಷಕರು

ಮುಂದಿನ ವಾರ ಅರ್ಧ ಜನ ಮನೆಯಲ್ಲಿ ಕೂತು ನೋಡಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಯಾರೂ ಒಪ್ಪಲಿಲ್ಲ. ಕೊನೆಗೆ ಚೀಟಿ ಎತ್ತಿ, ಸೋತವರನ್ನು ಮನೆಗೆ ಕಳಿಸಿದರು. ಅವರು ಮುಖ ಊದಿಸಿಕೊಂಡೇ ಹೋದರು.

ಕಾರ್ಯಕ್ರಮ ಶುರುವಾದ ಕೂಡಲೇ ಫೋನು ಬಡಿದುಕೊಂಡಿತು.

"ರೀ, ಆಕೆ ಎರಡನೇ ಚರಣ ನುಂಗಿಬಿಟ್ರು."

ಇಟ್ಟೆ. ಮತ್ತೆ ಬಡಿಯಿತು.

"ನಮ್ಮ ಮಗಳಿಗಿಂತ ಅವಳು ಚೆನ್ನಾಗಿ ಕುಣೀತಾಳಾ? ನಿಜ ಹೇಳಿ."

ಮೂರನೆಯದು ಡಾಕ್ಟರ ಹೆಂಡತಿಯದು. "ಮಧ್ಯೆ ಮಧ್ಯೆ ಮಾತಾಡೋದು ನಿಲ್ಲಿಸೋಕೆ ಇವರಿಗೆ ಹೇಳ್ತೀರಾ, ನಾನೇ ಬರಲಾ?"

ಆಮೇಲೆ ಉಸಿರಾಡಲು ಬಿಡುವಿರಲಿಲ್ಲ. ಚಾನೆಲ್ಲಿನ ಉಳಿದ ಫೋನುಗಳಿಗೂ ಜನ ಕೂತರು. ಕನ್ನಡ ಬಾರದ ಮಾಲೀಕರು ಓಡಿ ಬಂದು, ಏನಂತಾರೆ ಎಂದು ಕೇಳಿದರು.

"ತುಂಬಾ ಭಾವುಕರಾಗಿದ್ದಾರೆ," ಎಂದೆ.

ಅವರಿಗೂ ಕಣ್ಣು ತುಂಬಿ ಬಂತು. ಸೋಫಾ ಅಂಗಡಿಯನ್ನು ಕೈಬಿಟ್ಟು, ನಮಗೆ ಅಲ್ಲೇ ಪೂರ್ತಿ ಒಂದು ಗಂಟೆ ಕೊಟ್ಟರು.

ಕೆಲವೇ ತಿಂಗಳಲ್ಲಿ ಚಾನೆಲ್ಲೇ ಮುಚ್ಚಿತು. ಡಾಕ್ಟರು ಮಾತ್ರ ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ: "ನಮ್ಮ ಕಾರ್ಯಕ್ರಮಾನ ಯಾರ ಕೈಲೂ ನಿಲ್ಲಿಸೋಕೆ ಆಗ್ಲಿಲ್ಲ ಕಣ್ರೀ. ಅದಕ್ಕೇ ಚಾನೆಲ್ಲನ್ನೇ ನಿಲ್ಲಿಸಬೇಕಾಯ್ತು."