ಏಳನೇ ಮಂಚದ ಹೆಬ್ಬೆರಳು

ತಿಮ್ಮೇಶನಿಗೆ ಹಾಜರಿಯಲ್ಲಿ ನಾಲ್ಕು ದಿನ ಕಡಿಮೆ ಬಿದ್ದದ್ದೇ ಎಲ್ಲಕ್ಕೂ ಮೂಲ. ನರ್ಸಿಂಗ್ ಕಾಲೇಜಿನ ಮೂರನೇ ವರ್ಷದಲ್ಲಿ ನಾಲ್ಕು ದಿನವೆಂದರೆ ಹುಡುಗಾಟವಲ್ಲ. ಪರೀಕ್ಷೆಗೆ ಕೂರುವುದಕ್ಕೂ ಬೂಕನಕೆರೆಗೆ ವಾಪಸು ಹೋಗಿ ಅಪ್ಪನ ಎಮ್ಮೆಗಳ ಮೈ ಉಜ್ಜುವುದಕ್ಕೂ ನಡುವೆ ಉಳಿದಿದ್ದ ಅಂತರ ಅಷ್ಟೇ. ಎಲ್ಲಿಗೆ ಹೋಗಿದ್ದೆ ಎಂದು ಮಮತ ಮೇಡಂ ಕೇಳಿದಾಗ ಅವನು ಕಣ್ಣು ಕೆಳಗೆ ಮಾಡಿ "ಜ್ವರ ಮೇಡಂ" ಎಂದಿದ್ದ. ಮೇಡಂ ತಮ್ಮ ಫೋನು ತಿರುಗಿಸಿ ತೋರಿಸಿದರು. ತೊಣ್ಣೂರು ಕೆರೆಗೆ ತಲೆಕೆಳಗಾಗಿ ಹಾರುತ್ತಿರುವ ಫೋಟೋವನ್ನು ತಿಮ್ಮೇಶನೇ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ.

"ಜ್ವರ ಬಂದವರು ಕೆರೆಗೆ ಹಾರಬೇಕು ಅಂತ ಯಾವ ಪುಸ್ತಕದಲ್ಲಿದೆಯಪ್ಪಾ?" ಎಂದರು ಮೇಡಂ. "ಹೋಗಲಿ. ಸೋಂಕು ತಡೆಯೋ ಪ್ರಾಜೆಕ್ಟ್ ಇದೆಯಲ್ಲ, ಅದನ್ನು ಸಾಕ್ಷ್ಯ ಸಮೇತ ಚೆನ್ನಾಗಿ ಮಾಡಿಕೊಂಡು ಬಾ. ಆಮೇಲೆ ಹಾಜರಿ ವಿಚಾರ ನೋಡೋಣ."

ಪ್ರಾಜೆಕ್ಟಿನಲ್ಲಿ ಮೂವರಿದ್ದರು. ಅರ್ಪಿತ ಹದಿನಾಲ್ಕು ಸಂಶೋಧನಾ ಲೇಖನ ಓದಿ ಅಡಿಗೆರೆ ಹಾಕಿದ್ದಳು. ಚೈತ್ರ ಕೈ ತೊಳೆಯುವ ಕ್ರಮದ ದೊಡ್ಡದೊಂದು ಭಿತ್ತಿಚಿತ್ರ ಬರೆದಿದ್ದಳು. ತಿಮ್ಮೇಶ ಇಬ್ಬರಿಗೂ ಟೀ ತಂದುಕೊಟ್ಟಿದ್ದ. ರೋಗಿಯನ್ನು ಮುಟ್ಟುವ ಮುಂಚೆ ಮತ್ತು ಮುಟ್ಟಿದ ಮೇಲೆ ಎಷ್ಟು ಜನ ಕೈ ತೊಳೆಯುತ್ತಾರೆ, ಭಿತ್ತಿಚಿತ್ರ ಹಾಕಿದ ಮೇಲೆ ಎಷ್ಟು ಜನ ತೊಳೆಯುತ್ತಾರೆ ಎಂದು ಎಣಿಸಬೇಕು, ಇಷ್ಟೇ ಕೆಲಸ.

"ಆದ್ರೆ ಒಂದು ತೊಂದ್ರೆ ಐತೆ," ಎಂದಳು ಅರ್ಪಿತ. "ಯಾರೋ ನೋಡ್ತಾವ್ರೆ ಅಂತ ಗೊತ್ತಾದ್ರೆ ಎಲ್ರೂ ತೊಳ್ಕೋತಾರೆ. ಹದಿನಾಲ್ಕು ಲೇಖನದಲ್ಲೂ ಅದೇ ಬರ್ದವ್ರೆ. ಕದ್ದು ನೋಡ್ಬೇಕು. ವಾರ್ಡಲ್ಲೇ ರೋಗಿ ಥರ ಯಾರಾದ್ರೂ ಮಲಗ್ಬೇಕು."

"ಇರೋದು ಗಂಡಸರ ವಾರ್ಡು," ಎಂದಳು ಚೈತ್ರ.

ಇಬ್ಬರೂ ಒಟ್ಟಿಗೆ ತಿಮ್ಮೇಶನ ಕಡೆ ತಿರುಗಿದರು.

"ಲೇ, ನೀನು ಸುಮ್ನೆ ಮಲಗಿದ್ರೆ ಸಾಕು. ಕ್ಲಾಸಲ್ಲಿ ಮಾಡೋದೂ ಅದೇ ಅಲ್ವಾ?" ಎಂದಳು ಅರ್ಪಿತ.

ಹೀಗೆ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ತಿಮ್ಮೇಶ ಪಾಂಡವಪುರದ ಒಂದು ಆಸ್ಪತ್ರೆಯಲ್ಲಿ ಏಳನೇ ಮಂಚದ ರೋಗಿಯಾದ. ಅಲ್ಲಿ ಅವನನ್ನು ಯಾರೂ ಕಂಡಿರಲಿಲ್ಲ. ವಿಷಯ ಗೊತ್ತಿದ್ದವರು ಅನುಮತಿ ಕೊಟ್ಟ ದೊಡ್ಡ ಡಾಕ್ಟರೊಬ್ಬರೇ. ಅವರು ಚೀಟಿಯ ಮೇಲೆ 'ಜ್ವರ' ಎಂದು ಬರೆದು ಮೈಸೂರಿಗೆ ಮದುವೆಗೆ ಹೊರಟುಹೋದರು. ಅರ್ಪಿತ ಗಂಜಾಂನ ದೇವಸ್ಥಾನದ ಬೀದಿಯಲ್ಲಿ ಜಪ ಎಣಿಸುವ ಉಂಗುರಗಳನ್ನು ತಂದಿದ್ದಳು. ಬೆರಳಿಗೆ ಹಾಕಿಕೊಂಡು ಹೆಬ್ಬೆರಳಿನಲ್ಲಿ ಗುಂಡಿ ಒತ್ತಿದರೆ ಒಂದು ಲೆಕ್ಕ. ಕೈ ತೊಳೆಯದಿದ್ದರೆ ಬಲಗೈ ಉಂಗುರ ಒತ್ತಬೇಕು, ತೊಳೆದರೆ ಎಡಗೈಯದು.

ಮೊದಲ ಎರಡು ಗಂಟೆ ತಿಮ್ಮೇಶನಿಗೆ ಜೀವನದಲ್ಲಿ ಇಷ್ಟು ಸುಖದ ಓದು ಬೇರೆ ಇಲ್ಲವೆನಿಸಿತು. ಎಡಗೈಗೆ ಕೆಲಸವೇ ಇರಲಿಲ್ಲ. ಮಾತ್ರೆ ಕೊಡುವವರು, ಬಿ.ಪಿ. ನೋಡುವವರು, ನೆಂಟರಿಷ್ಟರು, ಎಲ್ಲರೂ ಈ ಮಂಚದಿಂದ ಆ ಮಂಚಕ್ಕೆ ತೊಳೆಯದ ಅದೇ ಕೈಯಲ್ಲಿ ಓಡಾಡುತ್ತಿದ್ದರು. ಬಲಗೈ ಹೆಬ್ಬೆರಳು ಕಪ್ಪೆಮರಿಯ ಹಾಗೆ ಹೊದಿಕೆಯ ಕೆಳಗೆ ಕುಪ್ಪಳಿಸುತ್ತಲೇ ಇತ್ತು.

ಅದನ್ನು ಎಂಟನೇ ಮಂಚದ ಚಿಕ್ಕಸ್ವಾಮಿ ನೋಡಿಬಿಟ್ಟರು. ಕಾಲಿಗೆ ಕಟ್ಟು ಹಾಕಿಸಿಕೊಂಡು ಹನ್ನೊಂದು ದಿನದಿಂದ ಮಲಗಿದ್ದ ಅವರಿಗೆ ವಾರ್ಡಿನ ಹಲ್ಲಿಗಳೂ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿದ್ದವು. ನೋಡಲು ಹೊಸದೇನಾದರೂ ಬೇಕಾಗಿತ್ತು.

"ಯಾವೂರ್ಲಾ ಮಗ?"

"ಬೂಕನಕೆರೆ," ಎಂದು ಬಾಯಿ ತಪ್ಪಿ ನಿಜ ಹೇಳಿದ ತಿಮ್ಮೇಶ.

"ಯಾರ ಮಗ್ನಲಾ?"

"ಹುಚ್ಚಯ್ಯನೋರ ಮಗ."

"ಅಯ್ಯೋ, ನಮ್ ತಂಗಿ ಕೊಟ್ಟಿರೋದು ಅದೇ ಊರ್ಗೆ ಕಣ್ಲಾ! ಅದಿರ್ಲಿ, ಆ ಬೆಳ್ಳು ಯಾಕ್ಲಾ ಅಂಗೆ ಎಳ್ಕತಾ ಐತೆ?"

"ಅಭ್ಯಾಸ ಕಣಣ್ಣ."

"ಅಭ್ಯಾಸ ಅಲ್ಲ ಬುಡು. ನಮ್ಮೂರಲ್ಲಿ ಒಬ್ಬಂಗೆ ಇಂಗೇ ಬೆಳ್ಳಿಂದ ಸುರುವಾಯ್ತು..." ಎಂದು ಚಿಕ್ಕಸ್ವಾಮಿ ಕತೆ ಶುರು ಮಾಡಿ, ಆ ಒಬ್ಬನನ್ನು ಮಣ್ಣು ಮಾಡಿದ ಜಾಗದವರೆಗೆ ಹೇಳಿ ಮುಗಿಸಿದರು. ಆಮೇಲೆ ತಂಗಿಗೆ ಫೋನು ಹಚ್ಚಿದರು.

ಹನ್ನೊಂದಕ್ಕೆ ಅರ್ಪಿತಳ ಜೊತೆ ವಾರ್ಡಿಗೆ ಬಂದ ಚೈತ್ರ ಗೋಡೆಗೆ ಭಿತ್ತಿಚಿತ್ರ ತಗುಲಿಹಾಕಿದಳು. ಅದನ್ನು ನೋಡಿ ಕೈ ತೊಳೆದವರು ಯಾರೂ ಇಲ್ಲ. ಹತ್ತನೇ ಮಂಚದವರ ಕಡೆಯವರೊಬ್ಬರು ಅದರ ಮೊಳೆಗೆ ದಾಳಿಂಬೆಹಣ್ಣಿನ ಚೀಲ ನೇತುಹಾಕಿ, ಮೊಳೆ ಹೊಡೆದವರು ನೂರು ವರ್ಷ ಬಾಳಲಿ ಎಂದು ಹರಸಿದರು. ಮಧ್ಯಾಹ್ನದ ಹೊತ್ತಿಗೆ ಬಲಗೈಯಲ್ಲಿ ಐವತ್ತನಾಲ್ಕು, ಎಡಗೈಯಲ್ಲಿ ಆರು. ಆ ಆರರಲ್ಲಿ ಒಂದು ಚಿಕ್ಕಸ್ವಾಮಿ ಉಪ್ಸಾರು ಚೆಲ್ಲಿಕೊಂಡು ತೊಳೆದದ್ದು. ಅರ್ಪಿತಳ ಮುಖ ಹುಳಿ ಹುಣಸೆ ತಿಂದವರ ಹಾಗಾಯಿತು.

ಅಷ್ಟರಲ್ಲಿ ಚಿಕ್ಕಸ್ವಾಮಿಯವರ ಕಾಟ ತಾಳಲಾರದೆ ಪೂಜ ಸಿಸ್ಟರ್ ಡ್ಯೂಟಿ ಡಾಕ್ಟರನ್ನು ಕರೆತಂದಳು. ಡಾಕ್ಟರ್ ರಘುನಂದನ್ ಸೋಮವಾರವಷ್ಟೇ ಕೆಲಸಕ್ಕೆ ಸೇರಿದವರು. ಓದಿದ್ದೆಲ್ಲ ಇನ್ನೂ ಬಿಸಿಯಾಗಿ ತಲೆಯಲ್ಲಿತ್ತು. ಆರನೇ ಮಂಚದವನ ನಾಡಿ ನೋಡಿ, ನೇರ ಬಂದು ತಿಮ್ಮೇಶನ ಹಣೆ ಮುಟ್ಟಿದರು. ಹೊದಿಕೆಯ ಕೆಳಗೆ ಬೆರಳು ಹಾರಿತು. ಚಿಕ್ಕಸ್ವಾಮಿಯ ಕಾಲು ಮುಟ್ಟಿದರು. ಮತ್ತೆ ಹಾರಿತು.

"ಇದೇನ್ರೀ ಇದು!" ಎಂದರು ಡಾಕ್ಟರು. "ನಾನು ಅವರನ್ನು ಮುಟ್ಟಿದರೆ ಇವನಿಗೆ ಬೆರಳು ಎಳೆಯುತ್ತಲ್ಲ!"

ಪರೀಕ್ಷೆಗೆಂದು ಅವರು ವಾರ್ಡಿನ ಕೊನೆಗೆ ಹೋಗಿ ಹನ್ನೆರಡನೇ ಮಂಚದವನ ಹೊಟ್ಟೆ ಒತ್ತಿ ತಟ್ಟನೆ ತಿರುಗಿದರು. ಬೆರಳು ಹಾರಿತು. ತಿಮ್ಮೇಶನೂ ಪ್ರಾಮಾಣಿಕ, ಲೆಕ್ಕ ತಪ್ಪಿಸಲಾರ. ಡಾಕ್ಟರು ಹೊದಿಕೆ ಎಳೆದು ಉಂಗುರ ನೋಡಿ "ಏನಿದು?" ಎಂದಾಗ, ಮೂಲೆಯಲ್ಲಿ ನಿಂತಿದ್ದ ಅರ್ಪಿತ "ದೇವ್ರುದು ಸಾರ್, ಹರಕೆ ತೀರೋವರ್ಗೂ ತೆಗೀಬಾರ್ದಂತೆ" ಎಂದು ಕಾಪಾಡಿದಳು.

ಡಾಕ್ಟರ ಹಣೆಯ ಮೇಲೆ ಬೆವರು ಮೂಡಿತು. "ಯಾವುದಕ್ಕೂ ಇರಲಿ, ಅಂಟುವಂಥದ್ದೇನಾದರೂ ಇರಬಹುದು. ಮುಟ್ಟಿದವರೆಲ್ಲ ಕೈ ತೊಳೆದುಕೊಳ್ಳಿ," ಎಂದು, ಮೊದಲು ತಾವೇ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು.

ತಿಮ್ಮೇಶ ಕರ್ತವ್ಯ ಪ್ರಜ್ಞೆಯಿಂದ ಎಡಗೈ ಗುಂಡಿ ಒತ್ತಿದ.

"ಅಯ್ಯಯ್ಯೋ! ಎಡಗೈಗೂ ಬಂದ್ಬುಡ್ತು!" ಎಂದು ಚಿಕ್ಕಸ್ವಾಮಿ ಕೂಗಿದ ಕೂಗು ಔಷಧಿ ಕೌಂಟರಿನವರೆಗೆ ಕೇಳಿತು.

ಪೂಜ ಸಿಸ್ಟರ್ ಓಡಿಹೋಗಿ ಕೈ ತೊಳೆದಳು. ಎಡಬೆರಳು ಎಳೆಯಿತು. ಅದನ್ನು ನೋಡಿ ಕಸ ಗುಡಿಸುವ ಮಾರಮ್ಮ ತೊಳೆದಳು. ಮತ್ತೆ ಎಳೆಯಿತು. ಜನ ಹೆದರಿ ತೊಳೆದಷ್ಟೂ ಬೆರಳು ಹಾರಿತು, ಬೆರಳು ಹಾರಿದಷ್ಟೂ ಜನ ಹೆದರಿ ತೊಳೆದರು. ನಲ್ಲಿಯ ಮುಂದೆ ಪಡಿತರದ ಅಂಗಡಿಯ ಹಾಗೆ ಸಾಲು ನಿಂತಿತು. ಎರಡು ಗಂಟೆಗೆ ಸೋಪು ಮುಗಿಯಿತು. ಒಬ್ಬರು ಕೈಯ ಜೊತೆಗೆ ದಾಳಿಂಬೆಹಣ್ಣನ್ನೂ ತೊಳೆದರು.

ತಿಮ್ಮೇಶ ಸಾವಕಾಶವಾಗಿ ಅರ್ಪಿತಳನ್ನು ಹತ್ತಿರ ಕರೆದ. "ಸಾಕು ಕಣೇ, ನಿಜ ಯೋಳ್ಬುಡ್ಲಾ?"

"ಯೋಳಿದ್ರೆ ಬೆಳಗಿಂದ ಎಣ್ಸಿದ್ದೆಲ್ಲಾ ನೀರ್ಗೋಯ್ತದೆ. ನಿನ್ ಹಾಜರಿನೂ ಓಯ್ತದೆ. ಐದು ಗಂಟೆವರ್ಗೂ ತಡ್ಕೋ," ಎಂದು ಅವಳು ಅವನ ಮಣಿಕಟ್ಟು ಹಿಡಿದು ನಾಡಿ ನೋಡುವವಳಂತೆ ನಟಿಸಿದಳು. ಆಮೇಲೆ ಅವಳೂ ಹೋಗಿ ಕೈ ತೊಳೆದಳು. ಅವನು ಗುಂಡಿ ಒತ್ತಿದ.

ತಡೆದುಕೊಳ್ಳಬೇಕಾದದ್ದರಲ್ಲಿ ಮೊದಲನೆಯದು ಸೊಂಟಕ್ಕೆ ಬಿದ್ದ ಇಂಜೆಕ್ಷನ್. ಎರಡನೆಯದು ಮೂರೂವರೆಗೆ ಬೂಕನಕೆರೆಯಿಂದ ಬಂತು.

ಒಂದು ಗೂಡ್ಸ್ ಆಟೋದಲ್ಲಿ ಹದಿನೇಳು ಜನ ಬಂದಿದ್ದರು. ಎಲ್ಲರಿಗಿಂತ ಮುಂದೆ ಅವನ ಅವ್ವ ಜಯಲಕ್ಷ್ಮಮ್ಮ, ಹಿಂದೆ ಸೋದರಮಾವ ದೇವರಾಜು, ಅವರ ಹಿಂದೆ ಎಳನೀರಿನ ಗೊನೆ. ಬೆರಳು ಎಳೆಯುತ್ತಿದೆ ಎಂದು ಇಲ್ಲಿಂದ ಹೊರಟ ಸುದ್ದಿ ಊರು ಮುಟ್ಟುವ ಹೊತ್ತಿಗೆ ಕೈಕಾಲು ಬಿದ್ದುಹೋಗಿ, ಮಾತೂ ನಿಂತುಹೋಗಿತ್ತು.

"ಅಯ್ಯೋ ನನ್ ಕಂದಾ! ಇಟ್ಟು ಉಂಡ್ಕಂಡು ಗುಂಡ್ಕಲ್ಲಂಗಿದ್ದೋನು ಎಂಗಾಗ್ಬುಟ್ಯಲಾ!" ಎಂದು ಜಯಲಕ್ಷ್ಮಮ್ಮ ಬಾಗಿಲಲ್ಲೇ ಎದೆ ಬಡಿದುಕೊಂಡಳು.

ಪೂಜ ಸಿಸ್ಟರ್ ಅಡ್ಡ ನಿಂತಳು. "ಅಮ್ಮಾ, ಕೈ ತೊಳ್ಕೊಂಡು ಮುಟ್ಟಿ!"

"ಎತ್ತ ಮಗನ್ನ ಮುಟ್ಟಕ್ಕೆ ಕೈ ಯಾಕವ್ವಾ ತೊಳೀಬೇಕು? ಬುಡು ದಾರಿಯ!"

ಅವಳು ಓಡಿಬಂದು ಮಗನನ್ನು ಬಾಚಿ ತಬ್ಬಿಕೊಂಡಳು. ಡಾಕ್ಟರು ಹೆದರಿದಾಗಿನಿಂದ ಸುಮ್ಮನಿದ್ದ ಬಲಬೆರಳು ಒಮ್ಮೆ ಎಳೆಯಿತು. ಅವಳ ಕಣ್ಣೀರು ಕುತ್ತಿಗೆಗೆ ಬಿಸಿಯಾಗಿ ತಾಗಿದಾಗ ತಿಮ್ಮೇಶನಿಗೆ ಹಾಜರಿಯೂ ಬೇಡ, ಪರೀಕ್ಷೆಯೂ ಬೇಡ ಅನ್ನಿಸಿತು. ಆದರೆ ಹೇಳಲು ಬಾಯಿ ತೆರೆದರೆ ಅವಳು ಅದರೊಳಕ್ಕೆ ವಿಭೂತಿ ಹಾಕಿದಳು. ಉಳಿದ ಹದಿನಾರು ಜನ ಸಾಲಾಗಿ ಕೈ ತೊಳೆದು ಬಂದು ಹಣೆ ಮುಟ್ಟಿದರು, ಸಾಲಾಗಿ ಹೋಗಿ ಮತ್ತೆ ತೊಳೆದರು. ಎಡಬೆರಳು ಟೈಲರ್ ಮಿಷನ್ನಿನ ಸೂಜಿಯ ಹಾಗೆ ಕುಣಿಯಿತು.

"ಇದು ಮೆದುಳಿಗೆ ಹತ್ತಿರ ಬಂದಿದೆ," ಎಂದರು ರಘುನಂದನ್, ತೊಳೆದು ತೊಳೆದು ಸುಕ್ಕಾದ ಬೆರಳುಗಳನ್ನು ಒರೆಸಿಕೊಳ್ಳುತ್ತ. "ತಡಮಾಡೋದು ಬೇಡ. ಮೈಸೂರಿಗೆ ಕಳಿಸೋಣ. ಅಲ್ಲಿ ಬೆನ್ನಿಗೆ ಸೂಜಿ ಹಾಕಿ ನೀರು ತೆಗೀತಾರೆ."

ತಿಮ್ಮೇಶ ಎದ್ದು ಮಂಚದ ಮೇಲೆ ನಿಂತುಬಿಟ್ಟ. ಆ ಸೂಜಿ ಎಷ್ಟು ಉದ್ದ ಎಂದು ಎರಡನೇ ವರ್ಷದಲ್ಲೇ ಓದಿದ್ದ. "ನಂಗೇನೂ ಆಗಿಲ್ಲಾ! ನಾನು ನರ್ಸಿಂಗ್ ಸ್ಟೂಡೆಂಟು! ನೀವು ಕೈ ತೊಳೀತೀರೋ ಇಲ್ವೋ ಅಂತ ಎಣ್ಸಕ್ಕೆ ಮಲಗಿದ್ದೆ ಅಷ್ಟೇ!"

ಸುತ್ತ ನಿಂತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ತಲೆಗೇರ್ಬುಡ್ತು," ಎಂದು ಚಿಕ್ಕಸ್ವಾಮಿ ಮೆಲ್ಲಗೆ ಹೇಳಿದರು. "ನಾನು ಯೋಳಿರ್ಲಿಲ್ವಾ?"

ದೇವರಾಜು ಮತ್ತು ಇನ್ನು ಮೂವರು ಅವನನ್ನು ಹಿಡಿದು ಮಲಗಿಸಿದರು. ಹಿಡಿಯುವ ಮುಂಚೆ ನಾಲ್ವರೂ ಕೈ ತೊಳೆದುಕೊಂಡರು. ಅರ್ಪಿತ, ಚೈತ್ರ ಇಬ್ಬರೂ ಕಿರುಚಿ ಕಿರುಚಿ ಹೇಳಿದರೂ, "ಪಾಪ, ಓದೋ ಮಕ್ಳು, ಹೆದ್ರಿಬುಟ್ಟವೆ" ಎಂದು ಯಾರೋ ಅವರಿಗೂ ಎಳನೀರು ಕೊಟ್ಟರು. ಆಂಬುಲೆನ್ಸು ಬಂದು ಬಾಗಿಲಲ್ಲಿ ನಿಂತಾಗಲೇ ಮಮತ ಮೇಡಂ ಪ್ರಾಜೆಕ್ಟ್ ನೋಡಲೆಂದು ಒಳಗೆ ಬಂದದ್ದು. ಅವರು ತಮ್ಮ ಗುರುತಿನ ಚೀಟಿ ತೋರಿಸಿ, ಮೈಸೂರಿನ ಮದುವೆ ಊಟದ ಪಂಕ್ತಿಯಲ್ಲಿದ್ದ ದೊಡ್ಡ ಡಾಕ್ಟರಿಗೆ ಫೋನು ಮಾಡಿ ರಘುನಂದನ್ ಕಿವಿಗೆ ಹಿಡಿದರು. ರಘುನಂದನ್ ಕೇಳುತ್ತ ಕೇಳುತ್ತ ಕೆಂಪಗಾಗಿ, "ಸರಿ ಸಾರ್" ಎಂದು ಮೂರು ಸಲ ಹೇಳಿ, ಮಾತ್ರೆ ಡಬ್ಬಿ ಜೋಡಿಸುವವರಂತೆ ಆ ಕಡೆ ತಿರುಗಿಕೊಂಡರು.

ಜಯಲಕ್ಷ್ಮಮ್ಮ ಮಗನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಬೆನ್ನಿನ ಮೇಲೆ ಫಟ್ಟನೆ ಒಂದು ಬಾರಿಸಿದಳು. ಆಮೇಲೆ ಅದೇ ಜಾಗವನ್ನು ಸವರಿದಳು.

ಮೇಡಂ ಉಂಗುರಗಳ ಲೆಕ್ಕ ಬರೆದುಕೊಳ್ಳುತ್ತಿದ್ದರು. ಡಾಕ್ಟರು ಹೆದರುವ ಮುಂಚೆ ಅರವತ್ತಮೂರು ಸಲಕ್ಕೆ ಆರು. ಹೆದರಿದ ಮೇಲೆ ನೂರ ನಲವತ್ತೊಂದು ಸಲಕ್ಕೆ ನೂರ ನಲವತ್ತು. ತೊಳೆಯದಿದ್ದದ್ದು ಹೆತ್ತ ತಾಯಿ ಒಬ್ಬಳೇ. ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಅರ್ಪಿತಾ, ಈ ಬದಲಾವಣೆ ಪೋಸ್ಟರ್‌ನಿಂದ ಆದದ್ದೇ?"

"ಇಲ್ಲ ಮೇಡಂ. ತಿಮ್ಮೇಶನಿಂದ."

"ಅದ್ಭುತ!" ಎಂದರು ಮೇಡಂ. "ಹತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ, ಇಂಥ ಸಾಕ್ಷ್ಯ ನೋಡಿರಲಿಲ್ಲ."

ತಿಮ್ಮೇಶ ಈಗಲೇ ಸಮಯವೆಂದು ಮುಂದೆ ಬಂದ. "ಹಾಗಾದ್ರೆ ಮೇಡಂ... ಆ ನಾಲ್ಕು ದಿನದ ಹಾಜರಿ?"

"ಐದು," ಎಂದರು ಮೇಡಂ. "ಇವತ್ತು ಆಸ್ಪತ್ರೆ ಪುಸ್ತಕದಲ್ಲಿ ನೀನು ಒಳರೋಗಿ. ರೋಗಿಯಾಗಿ ಮಲಗಿದ್ದವನು ಅದೇ ದಿನ ಡ್ಯೂಟಿ ಮಾಡಿದ ಅಂತ ನಾನು ಹೇಗಪ್ಪಾ ಬರೀಲಿ? ಆದರೆ ಯೋಚನೆ ಮಾಡಬೇಡ, ಪ್ರಾಜೆಕ್ಟ್ ಪೂರ್ತಿಯಾಗಲಿ, ಪ್ರಿನ್ಸಿಪಾಲರ ಹತ್ತಿರ ನಾನೇ ಮಾತಾಡ್ತೀನಿ."

"ಪೂರ್ತಿ ಆಯ್ತಲ್ಲ ಮೇಡಂ?"

"ಒಂದೇ ಊರಿನದು ಸಾಕ್ಷ್ಯ ಆಗುತ್ತೇನಯ್ಯಾ? ಬೇರೆ ಕಡೆಯೂ ಹೀಗೇ ಆಗುತ್ತಾ ಅಂತ ನೋಡಬೇಡವೇ? ಸೋಮವಾರ ಶ್ರೀರಂಗಪಟ್ಟಣದಲ್ಲಿ ಮಲಗು. ಬುಧವಾರ ಕೆ.ಆರ್.ಪೇಟೆ. ಶನಿವಾರ ನಾಗಮಂಗಲ."

ತಿಮ್ಮೇಶ ಬೆರಳು ಮಡಿಸಿ ಎಣಿಸಿದ. ಐದಕ್ಕೆ ಮೂರು ಸೇರಿದರೆ ಎಂಟು. ಮೂರು ಇಂಜೆಕ್ಷನ್ ಬೇರೆ. ಅವನು ಅವ್ವನ ಕಡೆ ತಿರುಗಿ, ನೀನಾದರೂ ಬೇಡ ಅನ್ನು ಎಂಬಂತೆ ಕಣ್ಣಲ್ಲೇ ಬೇಡಿಕೊಂಡ.

ಜಯಲಕ್ಷ್ಮಮ್ಮ ಆಗಲೇ ಮೂಗು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಮೇಡಂ ಮುಂದೆ ನಿಂತಿದ್ದಳು.

"ಇವ್ನು ಪಾಸಾಯ್ತಾನೆ ಅನ್ನಂಗಿದ್ರೆ ನಾವೂ ಬತ್ತೀವಿ ಮೇಡಮ್ಮೋರೇ. ಕೆ.ಆರ್.ಪೇಟೆ ನಮ್ಗೆ ಅತ್ರ. ನಾಗಮಂಗ್ಲದಾಗೂ ನಮ್ಮೋರವ್ರೆ, ಈಗ್ಲೇ ಫೋನ್ ಮಾಡ್ಬುಡ್ತೀನಿ. ಅಳಕ್ಕೆ ಎಷ್ಟು ಜನ ಬೇಕು, ಅಷ್ಟು ಯೋಳ್ಬುಡಿ."